ಗಂಟೆಯ ಹಗ್ಗ

ಆಸ್ಪತ್ರೆಯಿಂದ ಬಿಟ್ಟ ದಿನ ಅನ್ವಿತಾ ಮನೆಗೆ ಬಂದದ್ದು ಶೈಲೇಶನ ಬೆನ್ನ ಮೇಲೆ. ಕೊಕ್ಕರ್ಣೆಯ ಬಸ್ಸಿನ ರಸ್ತೆಗೂ ಅವರ ಮನೆಗೂ ನಡುವೆ ಇರುವುದು ಬೈಲು ಗದ್ದೆ. ಗದ್ದೆ ದಾಟಲು ಇರುವುದು ಒಂದೇ ಅಂಚು, ಅದೂ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಆಟೋ ರಸ್ತೆಯಲ್ಲೇ ನಿಂತಿತು. ದೊಡ್ಡಮ್ಮನ ಮಗ ಶೈಲೇಶ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಹನ್ನೆರಡು ವರ್ಷದ ಹುಡುಗಿಯನ್ನು ಸೌತೆಕಾಯಿಯ ಚೀಲದ ಹಾಗೆ ಬೆನ್ನಿಗೆ ಹಾಕಿಕೊಂಡು ನಡೆದ. ಹಿಂದಿನಿಂದ ಔಷಧಿಯ ಚೀಲ ಹಿಡಿದು ಬರುತ್ತಿದ್ದ ಅಕ್ಕ ವಿನಯಾಳಿಗೆ ಕಂಡದ್ದು ತಂಗಿಯ ಎರಡು ಪಾದಗಳು. ಅಂಚಿನ ಹುಲ್ಲು ತಾಗೀತು ಎಂದು ಅವು ದಾರಿಯುದ್ದಕ್ಕೂ ಮುದುಡಿಕೊಂಡೇ ಇದ್ದವು.

ಅಂದಿನಿಂದ ಅನ್ವಿತಾ ಹೊಸ್ತಿಲು ದಾಟಲಿಲ್ಲ.

ಅವಳಿಗೆ ಬಂದದ್ದು ಇಲಿ ಜ್ವರ. ಪೈರು ನೆಡುವ ನೆಟ್ಟಿಯ ಕಾಲದಲ್ಲಿ ಗದ್ದೆಗೆ ಇಳಿದಿದ್ದಳು, ಕಾಲಿನ ಬೆರಳ ಸಂದಿಯಲ್ಲಿ ಸಣ್ಣ ಗಾಯವಿತ್ತು, ಇಲಿಯ ಉಚ್ಚೆ ಸೇರಿದ ನೀರು ಆ ಗಾಯದಿಂದ ಒಳಗೆ ಹೋಯಿತು ಎಂದು ಡಾಕ್ಟರು ಹೇಳಿದ್ದರು. ಕಣ್ಣು ಅರಿಸಿನದ ಹಾಗಾಗಿ, ಮೂತ್ರ ನಿಂತು, ಬದುಕುವುದೇ ಅನುಮಾನ ಎನ್ನುವಲ್ಲಿಗೆ ಹೋಗಿ ಬಂದ ಜೀವ. ಈಗ ಜ್ವರ ಇರಲಿಲ್ಲ. ಗಂಜಿ ಸೇರುತ್ತಿತ್ತು, ಜಡೆಗೆ ಹೂ ಬೇಕೆನ್ನುತ್ತಿದ್ದಳು. ಹೊಸ್ತಿಲು ಪೂಜೆಯ ಸೋಣೆ ತಿಂಗಳು ಹಿಡಿದ ಮೇಲೆ ಪ್ರತಿ ಸಂಜೆ ಹೊಸ್ತಿಲಿಗೆ ರಂಗೋಲಿ ಬರೆದು ಆರತಿ ಎತ್ತುವವಳೂ ಅವಳೇ. ಆದರೆ ಆರತಿ ಎತ್ತುತ್ತಿದ್ದದ್ದು ಒಳಗಿನಿಂದ. ಅಂಗಳಕ್ಕೆ ಒಂದು ಹೆಜ್ಜೆ ಇಡು ಎಂದರೆ ಕಂಬ ತಬ್ಬಿಕೊಳ್ಳುತ್ತಿದ್ದಳು.

ವಿನಯಾ ಮಾಡದ ಉಪಾಯವಿಲ್ಲ. ಬ್ರಹ್ಮಾವರದ ಜವಳಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಕೂತಳು. ಮೀನಿನ ಕೆಲಸದವರು ಹಾಕುವ ಮೊಣಕಾಲುದ್ದದ ರಬ್ಬರು ಬೂಟು ತಂದಳು. ಗಾಯವೆಲ್ಲ ಮಾಯ್ದ ಕಾಲನ್ನು ಕನ್ನಡಿಯಲ್ಲಿ ತೋರಿಸಿದಳು. ಪುಸಲಾಯಿಸಿದಳು, ಬೈದಳು, ಒಂದು ದಿನ ಕೈ ಹಿಡಿದು ಎಳೆದೂ ಎಳೆದಳು. ಅವತ್ತು ಅನ್ವಿತಾ ಕೂಗಿದ ಕೂಗಿಗೆ ಆಚೆ ಮನೆಯ ಹೆಂಗಸು ಬಾಗಿ, ಕೈಯ ತೆಂಗಿನ ಗರಿ ಬಿಸಾಡಿ ಓಡಿ ಬಂದಿದ್ದಳು.

"ಸಾಕ್, ಬಿಡ್ ಅವ್ಳನ್," ಎಂದಳು ತಾಯಿ ಕುಸುಮ. "ಕೋಟೇಶ್ವರಕ್ಕೆ ಕಳ್ಸುದೇ ಸೈ. ಅಣ್ಣನ ಹತ್ರ ಮಾತಾಡಿದ್ದೆ. ಅಲ್ಲಿ ಮನಿ ಬಾಗ್ಲಲ್ಲೇ ರಸ್ತೆ, ಶಾಲೆ ಎದ್ರಿಗೇ ಇತ್ತ್. ಗದ್ದೆ ಇಲ್ಲ, ಅಂಚ್ ಇಲ್ಲ."

"ಹೋಪುದ್ ಹ್ಯಾಂಗೆ? ಹೊಸ್ತಿಲೇ ದಾಟುದಿಲ್ಲ ಅಂತ್ಳ್," ಎಂದಳು ವಿನಯಾ.

"ಬಂದ್ ಹಾಂಗೇ ಹೋಪುದ್. ಹೊತ್ಕಂಡ್."

ವಿನಯಾಳಿಗೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಹೆದರಿ ಊರು ಬಿಟ್ಟವಳು ತಿರುಗಿ ಬರುವುದಿಲ್ಲ. ಬಂದರೂ ಹಬ್ಬಕ್ಕೆ ಬರುವ ನೆಂಟರ ಹಾಗೆ ಬರುತ್ತಾಳೆ, ಯಾರದ್ದೋ ಬೆನ್ನ ಮೇಲೆ. ಹುಟ್ಟಿದ ಮನೆಯ ಅಂಗಳ ಅವಳಿಗೆ ಸಾಯುವ ತನಕ ಹೆದರಿಕೆಯ ಜಾಗವಾಗಿಯೇ ಉಳಿಯುತ್ತದೆ.

"ಚೌತಿ ಮುಗಿವರಿಗೆ ತಡಿ ಅಬ್ಬಿ," ಎಂದಳು ತಾಯಿಗೆ. "ಅಷ್ಟ್ರೊಳ್ಗೆ ಅವ್ಳೇ ನಡ್ಕಂಡ್ ರಸ್ತೆಗೆ ಬರ್ದಿದ್ರೆ ನೀ ಹೇಳಿದ್ ಹಾಂಗೆ."

"ನಿನ್ ಹಟ ನಿಂಗೆ," ಎಂದು ಕುಸುಮ ಒಳಗೆ ಹೋದಳು. ಬೇಡ ಎನ್ನಲಿಲ್ಲ.

ಉಪಾಯ ಸಿಕ್ಕಿದ್ದು ಶೈಲೇಶನ ಕಂಪ್ಯೂಟರು ರಿಪೇರಿಯ ಅಂಗಡಿಯಲ್ಲಿ. ಬೂಟಿನ ಅಳತೆ ಬದಲಿಸಲು ಬ್ರಹ್ಮಾವರಕ್ಕೆ ಹೋದವಳು ಹಾಗೇ ಅಲ್ಲಿಗೆ ಹೊಕ್ಕಳು. ಗಿರಾಕಿ ಇಲ್ಲದ ಹೊತ್ತು. ಶೈಲೇಶ ಕಂಪ್ಯೂಟರಿನಲ್ಲಿ ಎಂತದೋ ಆಟ ಆಡುತ್ತಿದ್ದ. ಪರದೆಯ ತುಂಬ ಬೂದಿ ಬಣ್ಣ. ಬಾಗಿಲಿಗೆ ಹಲಗೆ ಹೊಡೆದ ಮನೆಗಳು, ಬೀದಿಯಲ್ಲಿ ಹೊದಿಕೆ ಹಾಕಿದ ಹೆಣದ ಗಾಡಿ. ಒಬ್ಬಳು ಹುಡುಗಿ ಸಣ್ಣ ತಮ್ಮನ ಕೈ ಹಿಡಿದು ಗೋಡೆಗೆ ಒರಗಿ ಒರಗಿ ನಡೆಯುತ್ತಿದ್ದಳು. ಮೂಲೆಯಲ್ಲಿ ನೆಲವೇ ಮಿಸುಕಾಡಿದ ಹಾಗಾಯಿತು. ವಿನಯಾ ಬಗ್ಗಿ ನೋಡಿದಳು. ನೆಲವಲ್ಲ, ಇಲಿಗಳು.

"ಎಂತ ಇದ್?"

"ಗೇಮ್. ನೂರಾರ್ ವರ್ಷದ್ ಹಿಂದೆ ಯಾವ್ದೋ ದೇಶದಗೆ ಪ್ಲೇಗ್ ಮಾರಿ ಬಂದದ್ದ್. ಊರಿಗೆ ಊರೇ ಸತ್ತಿತ್. ಉಳ್ದವ್ರನ್ನ ಸಿಪಾಯಿಗಳ್ ಹಿಡಿತ್ರ್. ಇವ್ಳ್ ಮೇಣದಬತ್ತಿ ಮಾಡುವವನ ಮಗ್ಳ್. ತಮ್ಮನನ್ನ್ ಕರ್ಕಂಡ್ ಊರ್ ದಾಟ್ಕ್. ಯುದ್ಧ ಗಿದ್ಧ ಎಂತ ಇಲ್ಲ, ಅಡ್ಗಿಕಂಡ್ ಹೋಪುದೇ ಆಟ. ಸದ್ದ್ ಮಾಡಿರೆ ಸತ್ಳ್."

ವಿನಯಾ ಪರದೆಯ ಮೇಲೆ ಕಣ್ಣಿಟ್ಟು ನಿಂತೇ ಇದ್ದಳು. ಕೊನೆಗೆ, "ಇದನ್ನ್ ನಮ್ಮನಿಗ್ ತಕಂಡ್ ಬಾ," ಎಂದಳು.

ಶೈಲೇಶ ನಕ್ಕ. ಅವಳು ನಗದೆ ಇದ್ದದ್ದು ಕಂಡು ನಗು ನಿಲ್ಲಿಸಿದ. "ನಿಂಗೆ ಮರ್ಳಾ ಮಾರಾಯ್ತಿ? ಹುಲಿಗೆ ಹೆದ್ರಿದವ್ಳಿಗೆ ಹುಲಿ ತೋರ್ಸುದಾ?"

"ಪೆಟ್ಟಿಗಿ ಒಳ್ಗಿನ ಹುಲಿ ಅಲ್ದಾ? ಬೇಡ ಅಂದ್ರೆ ಬಂದ್ ಮಾಡ್ಲಕ್ಕ್. ಗದ್ದಿದನ್ನ್ ಬಂದ್ ಮಾಡೂಕಾತ್ತಾ?"

ಹಳೇ ಕಂಪ್ಯೂಟರು ಗದ್ದೆ ದಾಟಿದ್ದು ಮಳೆಯಲ್ಲಿ. ಶೈಲೇಶ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡಿದ್ದ. ಅದರ ಮೇಲೆ ಅಜ್ಜಿ ಅಕ್ಕುವಿನ ಹಳೇ ಗೊರಬು ಮುಚ್ಚಿತ್ತು. ನೆಟ್ಟಿಯ ಹೆಂಗಸರು ಮಳೆಗೆ ಬೆನ್ನಿಗೆ ಹಾಕಿಕೊಳ್ಳುವ ಎಲೆಯ ಗೊರಬು, ಆ ವರ್ಷ ಒಂದು ಯಂತ್ರದ ಬೆನ್ನು ಕಾಯಿತು.

ಮೊದಲ ಸಂಜೆ ಅನ್ವಿತಾ ಕಂಬಳಿ ಮುಸುಕು ಹಾಕಿ ಮಲಗಿದಳು. ವಿನಯಾ ಅವಳನ್ನು ಕರೆಯಲಿಲ್ಲ. ಚಾಪೆಯ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿಯುವ ಆ ಗುಂಡಿಗಳ ಹಿಡಿಕೆಯನ್ನು ಕಡುಬು ಬೇಯಿಸುವ ಎಲೆಯ ಕೊಟ್ಟೆಯ ಹಾಗೆ ಹಿಡಿದುಕೊಂಡು ಆಡಿದಳು. ಸೀರೆ ಮಡಚುವುದರಲ್ಲಿ ಪಳಗಿದ ಅವಳ ಬೆರಳು ಇಲ್ಲಿ ಯಾವುದಕ್ಕೂ ಬಾರದು. ಆಟದ ಹುಡುಗಿ ಗೋಡೆಗೆ ಡಿಕ್ಕಿ ಹೊಡೆದಳು, ಬಾವಿಯ ಸುತ್ತ ಗಿರಿಗಿಟ್ಟಿ ತಿರುಗಿದಳು, ಮಡಕೆ ಉರುಳಿಸಿದಳು. ಸದ್ದಿಗೆ ಇಲಿಗಳು ಬಂದವು. ಸತ್ತಳು. ಮತ್ತೆ ಎದ್ದಳು, ಮತ್ತೆ ಸತ್ತಳು.

ಬಾಗಿಲ ಬಳಿ ಎಲೆಯಡಿಕೆ ಕುಟ್ಟುತ್ತ ಕೂತ ಅಕ್ಕು ಕೇಳಿದಳು, "ಹ್ವಾಯ್, ಆ ಹೆಣ್ ಎಷ್ಟ್ ಸಲ ಸಾಯ್ತ್ಳ್?"

"ದಾಟುವರಿಗೆ ಅಜ್ಜಿ."

"ಉಂಡಿದ್ಳಾ ಇಲ್ಯಾ ಅದ್? ಕಾಲಗೆ ಬಲವೇ ಇಲ್ಲ."

ಕಂಬಳಿಯ ಒಳಗಿನಿಂದ ಸಣ್ಣದೊಂದು ಸದ್ದು ಬಂತು. ನಗುವೋ, ಕೆಮ್ಮೋ. ವಿನಯಾ ತಿರುಗಿ ನೋಡಲಿಲ್ಲ.

ಮಾರನೆಯ ಸಂಜೆ ಕಂಬಳಿ ಮೂಗಿನ ತನಕ ಇಳಿದಿತ್ತು. ಅದರ ಮಾರನೆಯ ಸಂಜೆ, ಗಾಡಿಯ ಹಿಂದೆ ಅಡಗಿದ ಹುಡುಗಿ ಸಿಪಾಯಿಯ ಎದುರಿಗೇ ಎದ್ದು ನಿಂತಾಗ ಅನ್ವಿತಾ ತಡೆಯಲಾರದೆ ಹೇಳಿದಳು, "ಅಕ್ಕ, ಬಗ್ಗ್! ಬಗ್ಗಿ ಹೋಗ್! ಅವ ತಿರ್ಗಿದ್ ಮೇಲೆ ಹೋಗ್."

"ಬಗ್ಗುದ್ ಯಾವ್ ಗುಂಡಿ?"

"ಅದೇ ಮಾರಾಯ್ತಿ, ಬಲಗಡಿದ್. ನಿನ್ನೆಯಿಂದ ನೀ ಅದನ್ನೇ ಒತ್ತತಾ ಇದ್ದೆ, ಗೊತ್ತಾತಿಲ್ಯಾ?"

ಹೀಗೆ ಒಬ್ಬಳು ಗುಂಡಿ, ಒಬ್ಬಳು ಕಣ್ಣು. ಹೊಸ್ತಿಲಿಗೆ ಆರತಿ ಎತ್ತಿ ಆದ ಮೇಲೆ ಕರೆಂಟು ಇದ್ದಷ್ಟು ಹೊತ್ತು ಅಕ್ಕತಂಗಿ ಆ ಸತ್ತ ಊರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋದರು. ಒಂದು ವಿಷಯವನ್ನು ಮಾತ್ರ ವಿನಯಾ ಗಮನಿಸಿದಳು. ಅನ್ವಿತಾ ಸಿಪಾಯಿಯನ್ನು ಸಿಪಾಯಿ ಎನ್ನುತ್ತಿದ್ದಳು, ಹೆಣವನ್ನು ಹೆಣ ಎನ್ನುತ್ತಿದ್ದಳು. ಇಲಿಯನ್ನು ಮಾತ್ರ "ಅವ್ರ್" ಎನ್ನುತ್ತಿದ್ದಳು. "ಅಕ್ಕ, ಮೂಲಿಯಗೆ ಅವ್ರ್ ಇದ್ರ್." ವಿನಯಾಳಿಗೆ ಅದೇನೂ ವಿಚಿತ್ರ ಎನಿಸಲಿಲ್ಲ. ಆ ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳುವ ಕ್ರಮವಿರಲಿಲ್ಲ. ಹೇಳಿದರೆ ಅವಕ್ಕೆ ಕೇಳುತ್ತದೆ, ಕೇಳಿದರೆ ಹಟಕ್ಕೆ ಬರುತ್ತವೆ ಎಂದು ಅಕ್ಕು ಅವಳ ಅತ್ತೆಯಿಂದ ಕಲಿತದ್ದನ್ನು ಮಕ್ಕಳಿಗೂ ಕಲಿಸಿದ್ದಳು. ಅಟ್ಟದ ಮೇಲೆ ಓಡಾಡುವವು "ಅಟ್ಟದವ್ರ್", ಪೈರು ಕಡಿಯುವವು "ಗದ್ದೆಯವ್ರ್". ಜ್ವರ ಬಂದ ಮೇಲೂ ಅದು "ಆ ಜ್ವರ" ಅಷ್ಟೇ.

ಆಮೇಲೆ ಆಟದಲ್ಲಿ ಗಂಟೆಯ ಜಾಗ ಬಂತು.

ಊರ ನಡುವೆ ಕಲ್ಲು ಹಾಸಿದ ಬಯಲು. ಆಚೆ ಕಡೆ ಊರಿನ ಕೊನೆಯ ಬಾಗಿಲು. ಬಯಲಿನ ತುಂಬ ಇಲಿಗಳು, ಕೊಯಿಲಾದ ಮೇಲೆ ಹರಡಿದ ಹೊಟ್ಟಿನ ಹಾಗೆ. ಒಂದು ಬದಿಗೆ ಎತ್ತರದ ಗೋಪುರ, ಅದರಲ್ಲಿ ಗಂಟೆ, ಗಂಟೆಯಿಂದ ನೇತಾಡುವ ಹಗ್ಗ. ಹುಡುಗಿ ಹತ್ತಿರ ಹೋದರೆ ಹಗ್ಗ ಮಿನುಗುತ್ತಿತ್ತು, ಎಳೆ ಎನ್ನುವ ಹಾಗೆ.

"ಇದನ್ನ್ ಎಳಿಕ್ ಕಾಣತ್ತ್," ಎಂದಳು ವಿನಯಾ.

"ಬ್ಯಾಡ!"

"ಎಂತಕೆ?"

"ಸದ್ದಾತ್ತ್. ಸದ್ದಾರೆ ಅವ್ರ್ ಬತ್ರ್. ಬ್ಯಾಡ ಅಕ್ಕ, ಎಳಿಬೇಡ. ಎಳ್ದ್ರೆ ನಾನ್ ಆಟ ಕಾಂಬುದಿಲ್ಲ."

ದನಿಯಲ್ಲಿ ಆಟವಿರಲಿಲ್ಲ. ಅನ್ವಿತಾಳ ಕೈ ಅಕ್ಕನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿತ್ತು. ವಿನಯಾ ಹಗ್ಗ ಬಿಟ್ಟಳು. ಗೋಡೆಯ ಬದಿಯಿಂದ, ಗಾಡಿಯ ಅಡಿಯಿಂದ, ಕಲ್ಲಿನ ಚರಂಡಿಯಿಂದ, ಸದ್ದಿಲ್ಲದೆ ಹೋಗಲು ಇರುವ ದಾರಿಯೆಲ್ಲ ಹುಡುಕಿದಳು. ಎಲ್ಲ ಕಡೆಯೂ ಸಾವೇ. ಒಂದು ಸಂಜೆ ಹೋಯಿತು, ಮತ್ತೊಂದು ಹೋಯಿತು. ಚೌತಿಗೆ ಕಬ್ಬು, ಹೂವು ಬಂದು ಜಗಲಿಯಲ್ಲಿ ಬಿದ್ದವು. ಕುಸುಮ ಒಳಕೋಣೆಯಲ್ಲಿ ಅನ್ವಿತಾಳ ಬಟ್ಟೆಗಳನ್ನು ಚೀಲಕ್ಕೆ ತುಂಬಲು ಸುರುಮಾಡಿದ್ದಳು. ಹಬ್ಬದ ಮಾರನೆಯ ದಿನ ಕೋಟೇಶ್ವರದಿಂದ ಅವಳ ಅಣ್ಣ ಭೋಜರಾಜ ಆಟೋ ತೆಗೆದುಕೊಂಡು ಬರುವುದೆಂದು ಫೋನಿನಲ್ಲಿ ನಿಶ್ಚಯವಾಗಿತ್ತು.

ಚೌತಿಯ ಸಂಜೆ. ಗಣಪತಿಗೆ ಕಡುಬು ಇಟ್ಟಾಗಿ, ಎಲ್ಲರೂ ಉಂಡಾಗಿ, ಅಕ್ಕತಂಗಿ ಮತ್ತೆ ಪರದೆಯ ಎದುರು ಕೂತರು. ಹುಡುಗಿ ಹಗ್ಗದ ಬಳಿ ನಿಂತಿದ್ದಳು. ವಿನಯಾ ಹಿಡಿಕೆಯನ್ನು ನೆಲಕ್ಕಿಟ್ಟಳು.

"ಅನು, ಸದ್ದಿಗೆ ಬತ್ತೊ ಅಂದ್ಹೇಳಿ ನಂಗೂ ಗೊತ್ತ್. ಆರೆ ನೀ ಹೆದ್ರುದ್ ಆಟಕ್ಕಲ್ಲ. ಎಂತ ಆದ್ದ್ ಹೇಳ್."

ಅನ್ವಿತಾ ಚಾಪೆಯ ಕಡ್ಡಿ ಕಿತ್ತಳು. "ನಾನ್ ಹೆಸ್ರ್ ಹೇಳಿದ್ದೆ," ಎಂದಳು.

"ಯಾರ್ ಹೆಸ್ರ್?"

"ಅವ್ರದ್. ಅಜ್ಜಿ ಗದ್ದೆಗೆ ಮದ್ದ್ ಇಡೂಕೆ ಹೋಯ್ದಿದ್ರಲೆ, ನೆಟ್ಟಿ ಆದ್ ಮೇಲೆ. ನಾನೂ ಹೋಯ್ದಿದ್ದೆ. ಮದ್ದ್ ಕಲ್ಸಿದ್ ಅಕ್ಕಿ ಅಂಚಿನ್ ಮೇಲೆ ಇಟ್ಕಂಡ್ ಹೋಪುವಾಗ ನಾನ್ ದೊಡ್ಡಕೆ ಕೇಂಡೆ, ಅಜ್ಜಿ, ಇದನ್ನ್... ಇದನ್ನ್ ಅವ್ರ್ ತಿಂತ್ರಾ ಅಂದ್. ಹೆಸ್ರ್ ಹೇಳಿಯೇ ಕೇಂಡೆ. ಅಜ್ಜಿ ಬಾಯಿ ಮುಚ್ಚ್ ಅಂದ್ರ್. ಅಷ್ಟೊತ್ತಿಗೆ ಅವ್ರಿಗೆ ಕೇಂಡಾಯ್ತ್. ಆ ವಾರವೇ ಜ್ವರ ಬಂದದ್ದ್." ಅವಳು ಮೂಗು ಒರೆಸಿಕೊಂಡಳು. "ಅವ್ರಿಗೆ ನನ್ ಗುರ್ತ ಇತ್ತ್ ಅಕ್ಕ. ಅಂಚಿಗೆ ಕಾಲಿಟ್ರೆ ತಿರ್ಗಿ ಬತ್ರ್."

ನೀರು, ಗಾಯ, ರೋಗಾಣು, ಇದನ್ನೆಲ್ಲ ಡಾಕ್ಟರು ಚಿತ್ರ ಬರೆದು ವಿವರಿಸಿದ್ದರು. ಅನ್ವಿತಾ ತಲೆಯಾಡಿಸಿ ಕೇಳಿದ್ದಳು. ಕೇಳಿದ್ದು ಕಿವಿ. ಹೆದರಿಕೆ ಕೂತದ್ದು ಬೇರೆ ಕಡೆ, ಕಿವಿಗಿಂತ ಹಳೆಯ ಜಾಗದಲ್ಲಿ. ಅಲ್ಲಿ ಮಾತಾಡಬಲ್ಲವರು ಮನೆಯಲ್ಲಿ ಒಬ್ಬರೇ ಇದ್ದರು.

ಬಾಗಿಲ ಬಳಿ ಎಲೆಯಡಿಕೆಯ ಕುಟ್ಟಣಿಯ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ವಿನಯಾ ಅತ್ತ ತಿರುಗಿದಳು.

"ನನ್ನಿಂದ ಆದ್ದಾ ಇದ್?" ಎಂದಳು ಅಜ್ಜಿ, ಯಾರಿಗೂ ಅಲ್ಲ ಎನ್ನುವ ಹಾಗೆ. "ಅಯ್ಯೋ ಹೆಣ್ಣೇ. ಇಷ್ಟ್ ದಿನ ಒಬ್ಳೇ ಇದನ್ನ್ ಇಟ್ಕಂಡ್ ಕೂತಿದ್ಯಾ?"

ಕುಟ್ಟಣಿಯನ್ನು ಬದಿಗಿಟ್ಟು, ಗೋಡೆ ಹಿಡಿದು ಅವಳು ಎದ್ದಳು. ಒಳಗೆ ಹೋಗಿ ಹಿತ್ತಾಳೆಯ ತಟ್ಟೆ, ಸೌಟು ತಂದಳು. ಹಬ್ಬದ ಪಾತ್ರೆ ತೊಳೆಯುತ್ತಿದ್ದ ಕುಸುಮ ಎಂತದೆಂದು ಹಿಂದೆಯೇ ಬಂದಳು. ಅಕ್ಕು ಅಟ್ಟದ ಏಣಿಯ ಅಡಿಯಲ್ಲಿ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ತಟ್ಟೆಗೆ ನಾಲ್ಕು ಬಡಿದು, ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಒಮ್ಮೆಯೂ ಆಡದ ಮಾತನ್ನು ಗಂಟಲು ತುಂಬ ಕೂಗಿದಳು.

"ಹ್ವಾಯ್ ಇಲಿ! ಇಲಿಗಳೇ! ಕೇಂತಾ? ನಾನ್ ಅಕ್ಕು, ನಿಮ್ಮನ್ನೇ ಕರುದ್! ಧೈರ್ಯ ಇದ್ರೆ ಇಳಿನಿ ಕಾಂಬ!"

ಅಟ್ಟದ ಮೇಲೆ ದಡಬಡ ಸದ್ದಾಯಿತು. ಹಲಗೆಯ ಮೇಲೆ ಪುಟ್ಟ ಕಾಲುಗಳು ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡಿದವು, ಹಂಚಿನ ಸಂದಿಯಿಂದ ಹೊರಬಿದ್ದವು. ಆಮೇಲೆ ಉಸಿರಿಲ್ಲ. ಅನ್ವಿತಾ ಕಂಬಳಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

"ಕಾಣ್," ಎಂದಳು ಅಕ್ಕು ಏದುಸಿರು ಬಿಡುತ್ತ. "ಕೇಂಡ್ರೆ ಓಡ್ತೊ. ಬಪ್ಪುದಿಲ್ಲ. ಹೆಸ್ರ್ ಹೇಳೂಕಾಗ ಅಂದದ್ದ್ ಮದ್ದ್ ಇಡುವಾಗ ಮಾತ್ರ. ಅವ್ಕೆ ನಾವ್ ಮೋಸ ಮಾಡುವಾಗ ಮೆಲ್ಲ ಮಾತಾಡ್ಕ್, ಅಷ್ಟೇ. ದಾರಿಯಗೆ ನಡುವಾಗ ಯಾರಾರೂ ಸುಮ್ನೆ ಹೋತ್ರಾ? ಹಾವಿರಲಿ, ಇಲಿ ಇರಲಿ, ಕೋಲ್ ಕುಟ್ಟಿ ನಡಿಕ್. ಬಾಯಿ ಮುಚ್ಚ್ ಮುಚ್ಚ್ ಅಂದ್ಕಂಡ್ ಆ ಅರ್ಧ ಹೇಳ್ಕೊಡೂದೇ ಮರ್ತೆ ನಾನ್."

"ನಂಗ್ ಜ್ವರ ಬಂದದ್ದ್?"

"ಗಾಯದ ಕಾಲಗೆ ಗದ್ದೆಗಿಳಿಬೇಡ ಅಂದ್ ನಾನ್ ಹೇಳ್ಕಿತ್ತ್, ಹೇಳ್ಲಿಲ್ಲ. ಹೆಸ್ರ್ ಕೇಂಡ್ ಜ್ವರ ಬಪ್ಪುದಾರೆ ಈಗ ನಾನ್ ಕೂಗಿದ್ದಕ್ಕೆ ಊರಿಗೇ ಬರ್ಕ್."

ಕುಸುಮ ಕೈಯ ಸಾಬೂನಿನ ನೊರೆ ಒರೆಸುವುದನ್ನೂ ಮರೆತು ನಿಂತಿದ್ದಳು. "ಅತ್ತೆ, ಆಚೆ ಮನಿ ಬಾಗಿ ಈಗ ಓಡ್ಕಂಡ್ ಬತ್ತ್ಳ್ ಕಾಣಿ," ಎಂದಳು. ಮೊದಲು ನಕ್ಕದ್ದು ಅಕ್ಕು.

ಅನ್ವಿತಾ ನಗಲಿಲ್ಲ. ಕಂಬಳಿ ಸರಿಸಿ ಬಂದು, ನೆಲದ ಮೇಲಿದ್ದ ಹಿಡಿಕೆಯನ್ನು ಎತ್ತಿಕೊಂಡಳು. ಅಲ್ಲಿಯ ತನಕ ಅವಳು ಅದನ್ನು ಮುಟ್ಟಿರಲಿಲ್ಲ. ಹುಡುಗಿಯನ್ನು ಗೋಪುರದ ಬುಡಕ್ಕೆ ನಡೆಸಿದಳು, ಹಗ್ಗ ಎಳೆದಳು. ಗಂಟೆ ಹೊಡೆಯಿತು. ಬಯಲಿನ ಇಲಿಗಳೆಲ್ಲ ಗೋಪುರದ ಕಡೆ ತಿರುಗಿ ಹೊಳೆಯ ಹಾಗೆ ಹರಿದು ಬಂದವು. ಬಯಲು ಖಾಲಿಯಾಯಿತು. ಆದರೆ ಅವಳು ನೋಡುತ್ತ ನಿಂತುಬಿಟ್ಟಿದ್ದಳು. ಹುಡುಗಿಯೂ ತಮ್ಮನೂ ಆ ಹೊಳೆಯಲ್ಲಿ ಮುಳುಗಿದರು.

"ಇನ್ನೊಂದ್ ಸಲ," ಎಂದಳು ಅನ್ವಿತಾ. "ಬಾರ್ಸಿ ನಿಲ್ಲುಕಾಗ. ಬಾರ್ಸಿದ್ ಕೂಡ್ಲೆ ನಡಿಕ್."

ಎರಡನೆಯ ಸಲ ತಮ್ಮನ ಕೈ ತಪ್ಪಿತು. ಅವನನ್ನು ಬಿಟ್ಟು ಹೋಗಲು ಒಪ್ಪದೆ ಹಿಂದೆ ಬಂದಳು, ಮತ್ತೆ ಸತ್ತಳು. ಆಮೇಲೆ ಒಮ್ಮೆ ಕರೆಂಟು ಹೋಗಿ, ದೀಪದ ಬೆಳಕಿನಲ್ಲಿ ಎಲ್ಲರೂ ಕಾದು ಕೂತರು. ಕರೆಂಟು ಬಂದ ಮೇಲೆ ಅವಳು ಗಂಟೆ ಹೊಡೆದು, ತಮ್ಮನ ಕೈ ಎಳೆದುಕೊಂಡು, ಇಲಿಗಳು ಗೋಪುರದ ಬುಡ ಸೇರುವ ಮೊದಲೇ ಬದಿಯಿಂದ ಸುತ್ತಿ, ಖಾಲಿ ಕಲ್ಲಿನ ಮೇಲೆ ಧಡಧಡ ಓಡಿ ಬಾಗಿಲು ದಾಟಿದಳು. ಆಚೆ ಹುಲ್ಲುಗಾವಲು, ಬೆಳಗು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕು "ಇನ್ನಾರೂ ಆ ಮಕ್ಳಿಗೆ ಯಾರಾರೂ ಗಂಜಿ ಕೊಡ್ಲಿ" ಎಂದು ಮಲಗಲು ಹೋದಳು.

ಬೆಳಿಗ್ಗೆ ಮಳೆ ಬಿಟ್ಟಿತ್ತು. ವಿನಯಾ ಬೂಟುಗಳನ್ನು ಹೊಸ್ತಿಲ ಆಚೆ, ಅಂಗಳದ ಕಡೆಗೆ ಮುಖ ಮಾಡಿ ಇಟ್ಟಳು, ಪಕ್ಕದಲ್ಲಿ ಒಂದು ಕೋಲು ಒರಗಿಸಿದಳು. ಅನ್ವಿತಾ ಹೊಸ್ತಿಲ ಮೇಲಿನ ನಿನ್ನೆಯ ರಂಗೋಲಿಯನ್ನು ನೋಡುತ್ತ ನಿಂತಳು. ಆಮೇಲೆ ಅದನ್ನು ತುಳಿಯದ ಹಾಗೆ ಕಾಲೆತ್ತಿ, ನೇರವಾಗಿ ಬೂಟಿನೊಳಗೆ ಇಳಿಸಿದಳು. ಬದಲಿಸಿ ತಂದ ಬೂಟೂ ದೊಡ್ಡದಾಗಿತ್ತು, ನಡೆದರೆ ಧಬ್ ಧಬ್ ಎನ್ನುತ್ತಿತ್ತು.

"ದೊಡ್ಡದಾಯ್ತಲೆ," ಎಂದಳು ವಿನಯಾ.

"ಆಯ್ಲಿ. ಸದ್ದಾತ್ತ್."

ಅಂಚಿನ ಮೇಲೆ ಅನ್ವಿತಾ ಮುಂದೆ, ವಿನಯಾ ಹಿಂದೆ. ಎರಡೂ ಬದಿಗೆ ಹಸಿರು ಪೈರು ಸೊಂಟದ ತನಕ ನಿಂತಿತ್ತು. ಬುಡದಲ್ಲಿ ನೀರು. ಅಂಗಳದ ತುದಿಯಲ್ಲಿ ಕುಸುಮ ಎದೆಗೆ ಕೈ ಇಟ್ಟುಕೊಂಡು ನಿಂತಿದ್ದಳು. ಗದ್ದೆಯ ನಡುವೆ ಪೈರಿನೊಳಗೆ ಸರಸರ ಸದ್ದಾಯಿತು. ಅನ್ವಿತಾ ನಿಂತಳು. ಅವಳ ಜಡೆಯ ತುದಿ ನಡುಗುವುದು ವಿನಯಾಳಿಗೆ ಕಂಡಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚಾಚಬೇಕೆಂದು ಬೆರಳೆಲ್ಲ ತುಡಿಯಿತು. ವಿನಯಾ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅನ್ವಿತಾ ಕೋಲನ್ನು ಅಂಚಿಗೆ ಕುಟ್ಟಿದಳು. ಮತ್ತೆ ಕುಟ್ಟಿದಳು.

"ಇಲಿ," ಎಂದಳು, ಬಿಸಿ ಗಂಜಿ ಬಾಯಿಗಿಟ್ಟವಳ ಹಾಗೆ. ಆಮೇಲೆ ಗದ್ದೆಗೆಲ್ಲ ಕೇಳುವ ಹಾಗೆ, "ಹ್ವಾಯ್ ಇಲಿ! ದಾರಿ ಬಿಡ್! ನಾನ್ ಬತ್ತೆ!"

ಪೈರಿನೊಳಗೆ ಎಂತದೋ ದೂರಕ್ಕೆ ಓಡಿತು, ಪುಳಕ್ಕೆಂದು ನೀರಿಗೆ ಬಿತ್ತು. ಪೈರಿನ ತುದಿ ಸ್ವಲ್ಪ ಹೊತ್ತು ಅಲುಗಾಡಿ ನಿಂತಿತು. ಧಬ್ ಧಬ್ ಮತ್ತೆ ಸುರುವಾಯಿತು.

ರಸ್ತೆಯಲ್ಲಿ ಆಗಷ್ಟೇ ಆಟೋ ಬಂದು ನಿಂತಿತ್ತು. ಭೋಜರಾಜ ಪಂಚೆ ಎತ್ತಿ ಕಟ್ಟಿ, ಹೊರಲು ತಯಾರಾಗಿ ಇಳಿದವನು, ಎದುರಿಗೆ ಬೂಟು ಹಾಕಿಕೊಂಡು ಬರುತ್ತಿದ್ದ ತಂಗಿಯ ಮಗಳನ್ನು ಕಂಡು ಪಂಚೆಯನ್ನು ಮೆಲ್ಲ ಇಳಿಸಿದ.

"ಹೋಯ್, ಇದೆಂತ ಮಿಲಿಟ್ರಿಯಾ? ನಾನ್ ನಿನ್ನ್ ಹೊತ್ಕಂಡ್ ಹೋಪುಕೆ ಬಂದದ್ದಲ್ದಾ?"

ಅನ್ವಿತಾಳ ಮುಖ ಬೆವರಿತ್ತು. ಅವಳು ರಸ್ತೆಯ ಟಾರಿನ ಮೇಲೆ ಎರಡೂ ಬೂಟನ್ನು ಇಟ್ಟು, ಒಮ್ಮೆ ಕುಟ್ಟಿ ಕೆಸರು ಉದುರಿಸಿದಳು.

"ನಾನ್ ಎಲ್ಲಿಗೂ ಬಪ್ಪುದಿಲ್ಲ ಮಾವ. ನಾಳಿಂದ ಶಾಲೆಗೆ ಇಲ್ಲೇ ಬಸ್ಸ್ ಹತ್ತುದ್." ವಿನಯಾಳ ಕಡೆ ಒಮ್ಮೆ ನೋಡಿ, ಮಾವನ ಕೈಯ ಹಣ್ಣಿನ ಚೀಲ ತೆಗೆದುಕೊಂಡಳು. "ನೀವ್ ಮನಿಗೆ ಬನ್ನಿ, ಚೌತಿ ಕಡುಬ್ ಇತ್ತ್. ಅಂಚ್ ಜಾರತ್ತ್, ನನ್ ಹಿಂದೆಯೇ ಬನ್ನಿ. ಸುಮ್ನೆ ಬರ್ಬೇಡಿ, ಮತ್ತೆ. ಕಾಲ್ ಕುಟ್ಟಿ ಬನ್ನಿ."

ಕೋಲು ಹಿಡಿದ ಅನ್ವಿತಾ ಮುಂದೆ, ಅವಳ ಹಿಂದೆ ಭೋಜರಾಜ, ಅವನ ಹಿಂದೆ ವಿನಯಾ. ಅಂಗಳದ ತುದಿಯಲ್ಲಿ ಕುಸುಮ ಇನ್ನೂ ನಿಂತಿದ್ದಳು. ಅವಳು ಒಳಗೆ ತಿರುಗಿದಳು, ಚೀಲದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಒಳಕೋಣೆಯ ಹಗ್ಗದ ಮೇಲೆ ಹಾಕಲು.